ಕೇಳುವುದನ್ನು ಬಿಟ್ಟವರು

ತಿಥಿ ಊಟಕ್ಕೆ ಕೂತಾಗ ಪಕ್ಕದ ಎಲೆಯಲ್ಲಿದ್ದ ಹೆಂಗಸು ನನ್ನ ಕಡೆ ವಾಲಿ, ಎಂಥಾ ದೈವಭಕ್ತೆ ನೋಡಿ, ಅಷ್ಟು ಭಕ್ತಿ ಇದ್ದುದಕ್ಕೇ ಕೊನೆಯವರೆಗೂ ನಗುನಗುತ್ತಾ ಇದ್ದರು ಎಂದರು. ನಾನು ಹೂಂಗುಟ್ಟಿದೆ. ಸಾರು ಬಡಿಸುವವರು ಬಂದರು, ಮಾತು ಅಲ್ಲಿಗೆ ನಿಂತಿತು. ಈ ವಯಸ್ಸಿಗೆ ನನಗೆ ಸಾವಿನ ಮನೆಯ ಮಾತುಗಳು ಸಾಕಾಗಿ ಹೋಗಿವೆ. ಹೋದವರೆಲ್ಲ ಒಳ್ಳೆಯವರು, ಎಲ್ಲರೂ ದೇವರಂಥವರು, ಎಲ್ಲರದ್ದೂ ಸುಖವಾದ ಸಾವು. ಹೌದು ಅನ್ನುವುದಕ್ಕೆ ಆಯಾಸ, ಅಲ್ಲ ಅನ್ನುವುದಕ್ಕೆ ಇನ್ನೂ ಆಯಾಸ. ಆದರೆ ನಜರ್‌ಬಾದಿನಿಂದ ಅಗ್ರಹಾರದ ನಮ್ಮ ಮನೆಗೆ ಆಟೋದಲ್ಲಿ ಬರುವಾಗ ಆ ಮಾತು ತಲೆ ಬಿಟ್ಟು ಹೋಗಲಿಲ್ಲ. ಭಕ್ತಿ ಇತ್ತು, ನಿಜ. ನಗುವೂ ಇತ್ತು, ನಿಜ. ಅದಕ್ಕೆ ಇದು ಕಾರಣ ಅಂತ ಸಲೀಸಾಗಿ ಹೇಳಿಬಿಡುತ್ತಾರಲ್ಲ, ಅಲ್ಲೇ ನನಗೆ ತಡೆಯುವುದು.

ತೀರಿಕೊಂಡವರು ನಮ್ಮ ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತಿದ್ದರು. ನಾನು ಸಮಾಜ ವಿಜ್ಞಾನದವಳು. ಇಡೀ ಸ್ಕೂಲಿಗೆ ಅವರು ಹೊಲಿಗೆ ಮಿಸ್ಸು; ನನಗಿಂತ ಎಂಟು ಹತ್ತು ವರ್ಷ ದೊಡ್ಡವರಾದ್ದರಿಂದ ನಾನು ಅಕ್ಕ ಎನ್ನುತ್ತಿದ್ದೆ. ಹೆಸರು ಬರೆಯುವುದು ಬೇಡ, ಅವರಿಗೆ ಹಿಡಿಸುತ್ತಿರಲಿಲ್ಲ. ಗಿಡ್ಡ ದೇಹ, ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು, ಸೆರಗಿನ ತುದಿಗೆ ಚುಚ್ಚಿಕೊಂಡ ಒಂದೆರಡು ಸೂಜಿ. ಆ ಸೂಜಿಗಳ ದೆಸೆಯಿಂದ ಅವರನ್ನು ಯಾರೂ ತಬ್ಬಿಕೊಳ್ಳುವ ಹಾಗಿರಲಿಲ್ಲ. ತಮಾಷೆ ಮಾಡಿದರೆ ಅದೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗೋರು, ಸೂಜಿ ಚುಚ್ಚೀತು ಅಕ್ಕ ಅಂದರೆ ಇನ್ನಷ್ಟು ನಗೋರು. ಸ್ಟಾಫ್ ರೂಮಿನಲ್ಲಿ ಎಲ್ಲರ ಡಬ್ಬಿಗೂ ಕೈ ಹಾಕಿ ಉಣ್ಣುವ ಹೆಂಗಸು. ಇನ್ಸ್‌ಪೆಕ್ಷನ್ ದಿನ ಕೂಡ ಅವರ ಮುಖದಲ್ಲಿ ಗಾಬರಿ ಕಂಡವಳಲ್ಲ ನಾನು. ಅದಕ್ಕೆ ಹೊಟ್ಟೆಕಿಚ್ಚೂ ಪಟ್ಟಿದ್ದೇನೆ.

ಅವರು ಮೊದಲಿನಿಂದ ಹಾಗಿರಲಿಲ್ಲ. ಗಂಡ ಬೇಗ ಹೋಗಿದ್ದರು. ಒಬ್ಬ ಮಗ, ಒಬ್ಬಳು ಮಗಳು. ಮಗ ಕಾಲೇಜಿಗೆ ಹೋಗುತ್ತಿದ್ದಾಗ ಎರಡೂ ಕಿಡ್ನಿ ಕೆಟ್ಟವು. ಆಗ ಅವರು ಕೇಳದ ದೇವರಿಲ್ಲ. ಬೆಟ್ಟ ಹತ್ತಿದರು, ನಂಜನಗೂಡಿನಲ್ಲಿ ಉರುಳುಸೇವೆ ಮಾಡಿದರು, ದರ್ಗಾದಲ್ಲಿ ತಾಯಿತ ಕಟ್ಟಿಸಿದರು, ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿದರು. ಯಾರು ಯಾವ ದೇವರ ಹೆಸರು ಹೇಳಿದರೂ ಮಧ್ಯಾಹ್ನದ ಪೀರಿಯಡ್ ನನಗೆ ಒಪ್ಪಿಸಿ ಓಡೋರು. ಹುಡುಗ ಉಳಿಯಲಿಲ್ಲ. ಆಮೇಲೆ ಅವರ ಮನೆಯಲ್ಲಿ ದೀಪ ಹಚ್ಚುವುದೇ ನಿಂತುಹೋಯಿತು. ಕ್ಲಾಸಿಗೆ ಬರುವುದು, ಹುಡುಗಿಯರಿಗೆ ಗುಂಡಿಯ ಕಾಜಾ ಹಾಕುವುದು ತೋರಿಸುವುದು, ಮನೆಗೆ ಹೋಗುವುದು. ಮಾತಿಲ್ಲ ಕತೆಯಿಲ್ಲ. ನಾವೂ ಏನು ಮಾತಾಡಬೇಕೋ ತಿಳಿಯದೆ ಅವರನ್ನು ಕಂಡರೆ ಪುಸ್ತಕದೊಳಗೆ ತಲೆ ಹಾಕುತ್ತಿದ್ದೆವು.

ಒಂದು ಬೇಸಿಗೆ ರಜೆಯಲ್ಲಿ ನಾವೊಂದಿಷ್ಟು ಟೀಚರುಗಳು ಸೇರಿ ಕಾಶಿಗೆ ಹೊರಟೆವು. ಅವರನ್ನೂ ಬಲವಂತ ಮಾಡಿ ಎಳೆದುಕೊಂಡು ಹೋದೆವು. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕಲ್ಲ, ಮತ್ತೆ ಜನ್ಮದಲ್ಲಿ ಅದನ್ನು ಮುಟ್ಟಬಾರದು. ಅದರಲ್ಲಿ ನಮ್ಮವರು ಮಾಡುವ ಮೋಸ ಎಲ್ಲರಿಗೂ ಗೊತ್ತಿರುವುದೇ. ಹಿಂದಿ ಟೀಚರು ಹಾಗಲಕಾಯಿ ಬಿಟ್ಟರು, ಅವರ ಮನೆಯಲ್ಲಿ ಅದನ್ನು ತಂದದ್ದೇ ಇಲ್ಲ. ಸಕ್ಕರೆ ಕಾಯಿಲೆಯ ಹೆಡ್ ಮಿಸ್ಸು ಹಲಸಿನ ಹಣ್ಣು ಬಿಟ್ಟರು. ನಾನು ಸೀಬೆಹಣ್ಣು ಬಿಟ್ಟೆ, ಬೀಜ ಹಲ್ಲಿಗೆ ಸಿಕ್ಕುತ್ತದೆ ಅಂತ. ಅಲ್ಲಿಂದಾಚೆ ಮಾರ್ಕೆಟ್ಟಿನಲ್ಲಿ ಸೀಬೆಯ ವಾಸನೆ ಬಂದರೆ ಸಾಕು ಬಾಯಲ್ಲಿ ನೀರೂರುತ್ತದೆ, ಮಾಡಿದ್ದುಣ್ಣೋ ಅಂತ ಸುಮ್ಮನಿದ್ದೇನೆ. ಅಕ್ಕ ಏನು ಬಿಟ್ಟರು ಅಂತ ಕೇಳಿದರೆ ಹೇಳಲಿಲ್ಲ. ನೀರಿನಲ್ಲಿ ಮೊಣಕಾಲಿನವರೆಗೆ ಇಳಿದು ಬಹಳ ಹೊತ್ತು ನಿಂತಿದ್ದರು. ಮೇಲೆ ಬಂದವರು ಸೀರೆ ಹಿಂಡಿಕೊಳ್ಳುತ್ತಾ, ಹಸಿವಾಗ್ತಿದೆ ಕಣ್ರೇ, ಏನಾದರೂ ತಿನ್ನೋಣ ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿ ಯಾವ ಕಾಲವಾಗಿತ್ತೋ.

ಮೈಸೂರಿಗೆ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರ ಕಣ್ಣೂ ಅವರ ಡಬ್ಬಿಯ ಮೇಲೆ. ಬದನೆಕಾಯಿ ತಿಂದರು, ರಸಬಾಳೆ ತಿಂದರು, ಕಾಫಿ ಕುಡಿದರು, ಎಲೆ ಅಡಿಕೆ ಹಾಕಿಕೊಂಡರು. ಏನೂ ಬಿಟ್ಟಿಲ್ಲ, ಗಂಗೆಗೇ ಟೋಪಿ ಹಾಕಿ ಬಂದಿದ್ದಾಳೆ ಅಂತ ಹಿಂದಿ ಟೀಚರು ಪಿಸುಗುಟ್ಟಿದರು. ಹಾಗಲಕಾಯಿ ಬಿಟ್ಟವರು ಹೇಳುವ ಮಾತೇ ಅದು! ಅಕ್ಕ ಮಾತ್ರ ದಿನದಿನಕ್ಕೆ ಬೇರೆ ಮನುಷ್ಯಳಾಗುತ್ತಾ ಬಂದರು. ಸ್ಕೂಲು ಬಿಟ್ಟ ಮೇಲೆ ನಮ್ಮ ಬೀದಿಯ ಈಶ್ವರನ ಗುಡಿಗೆ ಬರುವುದಕ್ಕೆ ಶುರು ಮಾಡಿದರು. ನಾನೂ ಜೊತೆಗೆ ಹೋಗುತ್ತಿದ್ದೆ.

ಅವರು ಗುಡಿಯಲ್ಲಿ ನಡೆದುಕೊಳ್ಳುತ್ತಿದ್ದ ರೀತಿಯೇ ವಿಚಿತ್ರ. ನಾವೆಲ್ಲ ಕಣ್ಣು ಮುಚ್ಚಿ, ಹುಬ್ಬು ಗಂಟು ಹಾಕಿ, ತುಟಿ ಅಲ್ಲಾಡಿಸುತ್ತಾ ನಿಲ್ಲುತ್ತೇವೆ. ಅವರು ಕಣ್ಣು ಬಿಟ್ಟುಕೊಂಡೇ ಲಿಂಗವನ್ನು ನೋಡೋರು. ಬಂದೆ ಕಣಪ್ಪಾ ಅನ್ನೋರು. ಹೊರಡುವಾಗ, ಸರಿ, ಬರ್ತೀನಿ ಅನ್ನೋರು. ಅಷ್ಟೇ. ಅರ್ಚನೆಯ ತಟ್ಟೆ ಕೊಟ್ಟಾಗ ಯಾರ ಹೆಸರಿಗಮ್ಮ, ನಕ್ಷತ್ರ ಯಾವುದು ಅಂತ ಅರ್ಚಕರು ಕೇಳಿದರೆ, ದೇವರ ಹೆಸರಿಗೇ ಮಾಡಿಬಿಡಿ ಸ್ವಾಮಿ ಅನ್ನೋರು. ಆಮೇಲೆ ಜಗುಲಿಯ ಮೇಲೆ ಕಾಲು ನೀಡಿ ಕೂತು, ತೆಂಗಿನ ಚೂರು ಅಗಿಯುತ್ತಾ, ಕ್ಲಾಸಿನಲ್ಲಿ ಯಾವ ಹುಡುಗಿ ಲಂಗಕ್ಕೆ ತೋಳು ಹೊಲಿದಳು ಅನ್ನುವ ಕತೆ ಹೇಳೋರು.

ಕಾಶಿಯ ವಿಷಯ ಅವರು ನನಗೆ ಹೇಳಿದ್ದು ಆ ಜಗುಲಿಯ ಮೇಲೆಯೇ. ನಾನು ಆ ದಿನ ನನ್ನ ಅಹವಾಲುಗಳನ್ನೆಲ್ಲ ಒಪ್ಪಿಸಿ, ಪ್ರದಕ್ಷಿಣೆ ಹಾಕಿ, ಏದುಸಿರು ಬಿಡುತ್ತಾ ಬಂದು ಕೂತಿದ್ದೆ. ಅವರು ನನ್ನ ಮುಖ ನೋಡಿ ನಕ್ಕರು.

"ನಾನು ಕೇಳೋದನ್ನೇ ಕಾಶೀಲಿ ಬುಟ್ಬುಟ್ಟೆ ಕಣಮ್ಮ. ಕೊಡು ಅಂತ ಇನ್ನು ಕೇಳಲ್ಲ. ಅವನ ಪಾಡಿಗೆ ಅವನು ಕೂತವ್ನೆ, ನನ್ನ ಪಾಡಿಗೆ ನಾನು ಬಂದು ಕೂರ್ತೀನಿ. ಎಷ್ಟು ಹಗುರ ಗೊತ್ತಾ?"

ಅರ್ಥವಾಯಿತು ಅಂತ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಅರ್ಥವಾಗಿರಲಿಲ್ಲ. ಕೇಳುವುದಕ್ಕಲ್ಲದೆ ಗುಡಿಗೆ ಯಾತಕ್ಕೆ ಹೋಗಬೇಕು? ನನ್ನ ಅಮ್ಮ ಕೇಳಿದಳು, ಅಜ್ಜಿ ಕೇಳಿದಳು, ನಾನೂ ಕೇಳಿಕೊಂಡೇ ಬಂದವಳು. ಆದರೆ ಅವರ ಆ ಹಗುರ ಮಾತ್ರ ಕಣ್ಣಿಗೆ ಕಾಣುತ್ತಿತ್ತು, ಸುಳ್ಳಲ್ಲ. ಇಬ್ಬರೂ ರಿಟೈರಾದೆವು. ಅವರು ಮಗಳ ಜೊತೆ ನಜರ್‌ಬಾದಿನಲ್ಲಿದ್ದರು. ಅಲ್ಲಿಂದ ಅಗ್ರಹಾರಕ್ಕೆ ಬಸ್ಸು ಹಿಡಿದು ಬರುವುದು ತಪ್ಪಲಿಲ್ಲ.

ಹೀಗಿರುವಾಗ ನಮ್ಮ ಯಜಮಾನರಿಗೆ ನ್ಯುಮೋನಿಯಾ ಬಂತು. ಸಾಧಾರಣ ಜ್ವರ ಅಂತ ಕಷಾಯ ಕುಡಿಸುತ್ತಾ ಕೂತೆವು, ಆಮೇಲೆ ನೋಡಿದರೆ ಉಸಿರೇ ಎಳೆಯಲಾರರು. ಆಸ್ಪತ್ರೆಗೆ ಸೇರಿಸಿ ವೆಂಟಿಲೇಟರ್ ಹಾಕಿದರು. ದಿನಾ ಬೆಳಿಗ್ಗೆ ಡಾಕ್ಟರು ಬಂದು, ಔಷಧಿ ಬದಲಾಯಿಸಿದ್ದೇವೆ, ನೋಡೋಣ ಎನ್ನುತ್ತಿದ್ದರು. ಒಂದು ದಿನ ಆ ನೋಡೋಣ ಕೂಡ ಇರಲಿಲ್ಲ. ನಮ್ಮ ಕೈಯಲ್ಲಿ ಇನ್ನೇನಿದೆ ಮೇಡಂ ಅಂತ ಬೆರಳನ್ನು ಮೇಲಕ್ಕೆ ತೋರಿಸಿ ಹೋದರು. ನಾನು ಅಲ್ಲೇ ಕುರ್ಚಿಯ ಮೇಲೆ ಕೂತು ಬೆಟ್ಟದ ತಾಯಿಗೆ ಹರಕೆ ಹೊತ್ತೆ. ಇವರೊಬ್ಬರು ಉಳಿಯಲಿ, ಬೆಟ್ಟದ ಅಷ್ಟೂ ಮೆಟ್ಟಿಲಿಗೆ ಅರಿಶಿನ ಕುಂಕುಮ ಇಡುತ್ತಾ ಹತ್ತುತ್ತೇನೆ ಅಂತ.

ಆ ಮಧ್ಯಾಹ್ನ ಅಕ್ಕ ಮೊಸರನ್ನದ ಡಬ್ಬಿ ಹಿಡಿದುಕೊಂಡು ಬಂದರು. ಕಲಸಿ ತುತ್ತು ಮಾಡಿ ನನ್ನ ಕೈಗಿಟ್ಟರು. ನುಂಗಲಾಗಲಿಲ್ಲ. ಅವರ ಕೈ ಹಿಡಿದುಕೊಂಡು, ಅಕ್ಕ, ನನ್ನ ಮಾತು ಆ ದೇವರಿಗೆ ಕೇಳಿಸಲ್ಲ, ನನ್ನದು ದಿನಾ ಇದ್ದದ್ದೇ. ನೀವು ಒಂದೇ ಒಂದು ಸಲ ಕೇಳಿ ಎಂದೆ. ಅವರು ಟೇಪು ಇಲ್ಲದ ಕುತ್ತಿಗೆಯನ್ನು ಕೈಯಿಂದ ತಡವಿಕೊಂಡರು. ಬೇರೆ ಏನು ಬೇಕಾದರೂ ಹೇಳು, ಇಲ್ಲೇ ಬಿದ್ದಿರ್ತೀನಿ, ಅದೊಂದು ಮಾತ್ರ ಬಿಟ್ಟವಳು ನಾನು ಅಂದರು. ನನಗೆ ದುಃಖದ ಜೊತೆ ಸಿಟ್ಟೂ ಬಂತು. ಸರಿ ಬಿಡಿ ಅಂತ ಮುಖ ತಿರುಗಿಸಿದೆ. ಡಬ್ಬಿ ಅಲ್ಲೇ ಬಿಟ್ಟು ಎದ್ದು ಹೋದರು.

ಮಾರನೆಯ ದಿನ ಏನೂ ಆಗಲಿಲ್ಲ. ಅದರಾಚೆ ದಿನ ಯಜಮಾನರ ಜ್ವರ ಇಳಿಯಿತು. ಆ ವಾರದಲ್ಲೇ ಕೊಳವೆ ತೆಗೆದರು. ಎದ್ದು ಕೂತವರೇ ಮಾಡಿದ ಮೊದಲ ಕೆಲಸ, ಕಾಫಿ ಕೊಡುವುದಿಲ್ಲ ಅಂತ ನರ್ಸಿನ ಮೇಲೆ ರೇಗಿದ್ದು. ಡಿಸ್ಚಾರ್ಜ್ ದಿನ ಕೈ ಮುಗಿದರೆ ಡಾಕ್ಟರು ಮತ್ತೆ ಅದೇ ಬೆರಳನ್ನು ಮೇಲಕ್ಕೆ ಮಾಡಿದರು. ನಾವೂ ಇಷ್ಟು ನಿರೀಕ್ಷೆ ಮಾಡಿರಲಿಲ್ಲ ಮೇಡಂ ಅಂದರು.

ಮನೆಗೆ ಬಂದ ಮೇಲೆ ಗಂಜಿ, ಮಾತ್ರೆ, ಬಿಸಿನೀರು ಅಂತ ನಾನು ಬೀದಿಗೇ ಬಂದಿರಲಿಲ್ಲ. ಕೊನೆಗೊಂದು ಸಂಜೆ ಗುಡಿಗೆ ಹೋದರೆ ಅಕ್ಕ ಪ್ರದಕ್ಷಿಣೆ ಹಾಕುತ್ತಿದ್ದಾರೆ. ಅವರು ಪ್ರದಕ್ಷಿಣೆ ಹಾಕಿದ್ದನ್ನು ಆ ಗುಡಿಯಲ್ಲಿ ನಾನು ನೋಡೇ ಇರಲಿಲ್ಲ. ಕಣ್ಣು ನೆಲದ ಮೇಲೆ, ತುಟಿ ಅಲ್ಲಾಡುತ್ತಿದೆ, ಹುಬ್ಬು ಗಂಟಿಕ್ಕಿದೆ. ನಾನು ಎದುರಿಗೆ ನಿಂತರೂ ಗುರುತು ಹಿಡಿಯದೆ ಸುತ್ತಿಕೊಂಡು ಹೋದರು. ಅರ್ಚಕರು ನನ್ನನ್ನು ಪಕ್ಕಕ್ಕೆ ಕರೆದು, ಈಚೆಗೆ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಬರುತ್ತಾರೆ, ಮಗನ ಹೆಸರಿಗೆ, ನಕ್ಷತ್ರ ಹೇಳಿ ಅರ್ಚನೆ ಮಾಡಿಸುತ್ತಾರೆ, ಇಲ್ಲದವರ ಹೆಸರಿಗೆ ಹಾಗೆ ಮಾಡಬಾರದು, ಆದರೆ ಆ ಮುಖ ನೋಡಿಕೊಂಡು ಹೇಗಮ್ಮ ಬೇಡ ಅನ್ನಲಿ ಎಂದರು.

ಅಕ್ಕನನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಕೇಳಿದೆ. ಮೊದಲು ಏನಿಲ್ಲ ಕಣಮ್ಮ ಅಂದರು. ಆಮೇಲೆ, ಯಾರನ್ನೂ ದೂರದೆ, ಅಳದೆ, ತಮ್ಮಷ್ಟಕ್ಕೆ ಹೇಳಿಕೊಳ್ಳುವ ಹಾಗೆ ಹೇಳಿದರು.

"ಅವತ್ತು ನಿಮ್ಮ ಆಸ್ಪತ್ರೆಯಿಂದ ಸೀದಾ ಇಲ್ಲಿಗೆ ಬಂದೆ. ಕೇಳ್ಬುಟ್ಟೆ. ಕೊಟ್ಬುಟ್ಟ. ಇಷ್ಟು ವರ್ಷ ಇವನು ಯಾರಿಗೂ ಕೊಡೋನಲ್ಲ, ಅದಕ್ಕೇ ನನಗೂ ಕೊಡ್ಲಿಲ್ಲ ಅಂದ್ಕೊಂಡು ನೆಮ್ಮದಿಯಾಗಿದ್ದೆ. ಈಗ ಕೇಳಿದ್ರೆ ಕೊಡ್ತಾನೆ ಅಂತಾಯ್ತಲ್ಲ. ಹಂಗಾದ್ರೆ ನನ್ನ ಮಗನಿಗೆ ಯಾಕೆ ಕೊಡ್ಲಿಲ್ಲ? ನಾನು ಕೇಳಿದ್ದು ಸರಿ ಇರಲಿಲ್ವಾ?"

ಮನೆಯಲ್ಲಿ ನನ್ನ ಗಂಡ ಬದುಕಿ ಕೂತು, ಉಪ್ಪು ಕಮ್ಮಿ ಅಂತ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ತಳ್ಳುತ್ತಿದ್ದರು. ಅದು ಬೇಡವಾಗಿತ್ತು ಅಂತ ನಾನು ಹೇಗೆ ಅಂದುಕೊಳ್ಳಲಿ? ಇವರು ತಮ್ಮ ಮಗನ ವಿಷಯದಲ್ಲಿ ಎಷ್ಟೋ ಕಷ್ಟಪಟ್ಟು ಮುಚ್ಚಿಟ್ಟಿದ್ದ ಬಾಗಿಲನ್ನು ನನ್ನ ಗಂಡನ ಪ್ರಾಣ ತೆರೆದುಬಿಟ್ಟಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ.

"ಅಕ್ಕ, ನಿಮ್ಮ ದೇವರು ಏನೂ ಕೊಟ್ಟಿಲ್ಲ. ಡಾಕ್ಟರು ಔಷಧಿ ಬದಲಾಯಿಸಿದ್ರು, ಅದು ಹಿಡೀತು. ಅಷ್ಟೇ."

ಹುಟ್ಟಿದಾಗಿನಿಂದ ವಾರ ಒಪ್ಪತ್ತು ಮಾಡಿಕೊಂಡು ಬಂದ ನಾನು ಈಶ್ವರನ ಎದುರಿಗೇ ಕೂತು ಆ ಮಾತು ಹೇಳಿದೆ. ಅಕ್ಕ ತಲೆ ಎತ್ತಿ ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿ ಎಷ್ಟು ಆಸೆ ಇತ್ತು ಅಂತ ಬರೆಯುವುದು ನನ್ನಿಂದಾಗದು. ಹಂಗಂತೀಯಾ ಅಂದರು. ಹೌದು ಅಂದೆ. ಆವತ್ತು ಒಂದು ಚೂರು ತೆಂಗಿನಕಾಯಿ ತಿಂದರು.

ಅಲ್ಲಿಂದ ಮುಂದೆ ಅದೇ ನಮ್ಮ ಮಾತುಕತೆಯಾಯಿತು. ಸಿಕ್ಕಾಗಲೆಲ್ಲ ಅದೂ ಇದೂ ಮಾತಾಡಿ, ಎದ್ದು ಹೋಗುವ ಮುಂಚೆ, ಡಾಕ್ಟರೇ ಅಲ್ವಾ ಅನ್ನೋರು. ಡಾಕ್ಟರೇ ಅಂತ ನಾನು. ಕೆಲವು ದಿನ ನಂಬೋರು. ಆಗ ಕಣ್ಣು ಬಿಟ್ಟುಕೊಂಡು, ಬಂದೆ ಕಣಪ್ಪಾ ಅನ್ನುವ ಹಳೆಯ ಅಕ್ಕ. ಕೆಲವು ದಿನ ನಂಬಿಕೆ ಹಿಡಿಯುತ್ತಿರಲಿಲ್ಲ. ಆಗ ಮತ್ತೆ ಪ್ರದಕ್ಷಿಣೆ. ಹೊರಗಿನ ಜನಕ್ಕೆ ಎರಡೂ ಭಕ್ತಿಯೇ ಆಗಿ ಕಾಣುತ್ತಿತ್ತು. ಪ್ರದಕ್ಷಿಣೆಯ ದಿನವೇ ಹೆಚ್ಚು ಭಕ್ತಿ ಅಂತಲೂ ಅನ್ನೋರು.

ಮೆಟ್ಟಿಲಿನ ಹರಕೆಯನ್ನು ನಾನು ಮುಂದೂಡಿದೆ. ನಾನು ಬೆಟ್ಟಕ್ಕೆ ಅರಿಶಿನ ಕುಂಕುಮ ಹೊತ್ತು ಹೋದರೆ ಅದು ಅವರ ಕಿವಿಗೆ ಬೀಳದೆ ಇರುತ್ತದೆಯೇ? ದೇವರೇ ಕೊಟ್ಟ ಅಂತ ಒಪ್ಪಿಕೊಂಡ ಹಾಗಲ್ಲವೇ? ಇತ್ತ ನಮ್ಮ ಯಜಮಾನರದ್ದು ಇನ್ನೊಂದು ಕತೆ. ಜೀವನಪೂರ್ತಿ ಪೂಜೆ ಪುನಸ್ಕಾರವನ್ನು ಗೇಲಿ ಮಾಡಿದ ಮನುಷ್ಯ, ಕಾಯಿಲೆಯಿಂದ ಎದ್ದ ಮೇಲೆ ಹಣೆತುಂಬ ವಿಭೂತಿ ಬಳಿದುಕೊಂಡು, ಬಂದವರಿಗೆಲ್ಲ ಇದು ನನ್ನ ಎರಡನೇ ಜನ್ಮ ಅಂತ ಹೇಳುತ್ತಾ ಪರಮ ಸಂತೋಷದಿಂದ ಇರತೊಡಗಿದರು. ಅಕ್ಕ ನಮ್ಮ ಮನೆಗೆ ಬಂದರೆ ಇವರನ್ನು ಹೊರಗೆ ಅಟ್ಟುವುದೇ ನನ್ನ ಕೆಲಸ. ಒಂದು ಸಲ ಹಾಲು ತರಲಿಕ್ಕೆ ಕಳಿಸಿದ್ದೆ, ಡೈರಿ ಬಾಗಿಲು ಹಾಕಿತ್ತು ಅಂತ ಬೇಗ ವಾಪಸು ಬಂದರು. ಬಂದವರೇ ಅಕ್ಕನ ಎದುರಿಗೆ ಕೂತು, "ಡಾಕ್ಟರೇ ಕೈ ಚೆಲ್ಲಿದ್ರು ಕಣ್ರೀ. ಉಳಿಸಿದ್ದು ಆ ಪರಮಾತ್ಮ" ಅಂದುಬಿಟ್ಟರು. ಅಕ್ಕ ಕಾಫಿಯ ಲೋಟ ಕೆಳಗಿಟ್ಟರು. ಪೂರ್ತಿ ಕುಡಿಯದೆ ಎದ್ದು ಹೋದರು. ನಾನು ಯಜಮಾನರ ಮೇಲೆ ಆ ಸಂಜೆ ಹಾರಾಡಿದೆ, ಅವರಿಗೆ ಏನು ತಪ್ಪಾಯಿತು ಅಂತಲೇ ತಿಳಿಯಲಿಲ್ಲ. ಪಾಪ, ತಪ್ಪಾದರೂ ಏನಿತ್ತು?

ಅದಾದ ಮೇಲೆ ಅಕ್ಕ ನಮ್ಮ ಮನೆಗೆ ಬರಲಿಲ್ಲ. ಗುಡಿಗೂ ಬರುವುದು ಕಡಿಮೆಯಾಯಿತು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಾರೆ ಅಂತ ಅವರ ಮಗಳು ಫೋನು ಮಾಡಿದಳು. ಆಪರೇಷನ್ ಮಾಡಿದರೂ ಏಳಲಿಲ್ಲ, ಹಾಸಿಗೆ ಹಿಡಿದರು. ನಾನು ವಾರಕ್ಕೊಮ್ಮೆ ಹೋಗಿ ಕೂತು ಬರುತ್ತಿದ್ದೆ. ಮಾತು ಕಡಿಮೆ. ಗೋಡೆಯ ಮೇಲೆ ಮಗನ ಫೋಟೋ, ಅದರತ್ತ ಮುಖ ಮಾಡಿ ಮಲಗಿರೋರು. ಡಾಕ್ಟರೇ ಅಲ್ವಾ ಅಂತ ಕೇಳುವುದನ್ನೂ ನಿಲ್ಲಿಸಿದ್ದರು. ಅದರಿಂದಲೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾಗುತ್ತಿತ್ತು.

ಕೊನೆಯ ಸಲ ಹೋದಾಗ ಬೆಳಗಿನ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಮಗಳು ತಲೆ ಬಾಚಿ ಹೂ ಮುಡಿಸಿದ್ದಳು. ಅವಳು ಒಳಗೆ ಹೋದದ್ದನ್ನು ನೋಡಿಕೊಂಡು ಅಕ್ಕ ನನ್ನ ಕೈ ಎಳೆದುಕೊಂಡರು. ಅವರ ಕೈಯಲ್ಲಿ ಮೂಳೆಯೇ ಇಲ್ಲವೇನೋ ಅನ್ನುವಷ್ಟು ಹಗುರ.

"ನಾನಿನ್ನು ಹೊರಡೋಳು. ಈಗ ನಿಜ ಹೇಳ್ಬುಡು ಕಣಮ್ಮ. ನಿಮ್ಮನೆಯವ್ರನ್ನ ಉಳಿಸಿದ್ದು ಡಾಕ್ಟರೇ ಅಲ್ವಾ?"

"ಡಾಕ್ಟರೇ ಅಕ್ಕ."

"ದೇವರಾಣೆಗೂ?"

ಡಾಕ್ಟರು ಮೇಲಕ್ಕೆ ತೋರಿಸಿದ ಬೆರಳು ನನ್ನ ಕಣ್ಣಮುಂದೆ ಬಂತು. ಆಸ್ಪತ್ರೆಯ ಕುರ್ಚಿಯ ಮೇಲೆ ನಾನು ಹೊತ್ತ ಹರಕೆ ಬಂತು. ನಾನು ನಂಬಿಕೊಂಡು ಬಂದದ್ದು ಏನಿದೆಯೋ ಅಷ್ಟೂ ಬಂತು.

"ದೇವರಾಣೆಗೂ ಡಾಕ್ಟರೇ."

ಅಕ್ಕ ಹೊದಿಕೆಯ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಸದ್ದಿಲ್ಲದ ನಗು, ಆದರೆ ಹಳೆಯದೇ. ಆಮೇಲೆ ಕಣ್ಣು ಮುಚ್ಚಿಕೊಂಡು, "ಸರಿ ಬುಡು. ಹಂಗಾದ್ರೆ ಅವನ ಮೇಲೆ ನನಗೇನೂ ಸಿಟ್ಟಿಲ್ಲ" ಅಂದರು.

ಕೊನೆಯವರೆಗೂ ನಗುತ್ತಾ ಇದ್ದರು ಅಂತ ತಿಥಿಯಲ್ಲಿ ಆ ಹೆಂಗಸು ಹೇಳಿದ್ದು ಹಾಗೆ ನೋಡಿದರೆ ಸುಳ್ಳಲ್ಲ. ಯಜಮಾನರು ಅರಿಶಿನ ಕುಂಕುಮದ ಪೊಟ್ಟಣ ತಂದಿಟ್ಟು, ಇನ್ನಾದರೂ ಬೆಟ್ಟದ ಹರಕೆ ತೀರಿಸೋಣ ನಡಿ ಎನ್ನುತ್ತಿದ್ದಾರೆ. ತೀರಿಸಿದರೆ ನಾನಿಟ್ಟ ಆಣೆ ಸುಳ್ಳಾಗುತ್ತದೆ. ಮಂಡಿ ನೋವು ಅಂತ ಹೇಳಿದ್ದೇನೆ.